ಐದು ಗ್ರಾಂಗೆ ಜಾಗ

ನಾನು ನರ್ಸಾಗಿದ್ದ ನವಲಗುಂದ ಸೀಮೆಯ ಸಣ್ಣ ಆಸ್ಪತ್ರೆಯಲ್ಲಿ ದಾಖಲೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಕಂಪ್ಯೂಟರ್ ಅಕ್ಕಾರು ಎನ್ನುತ್ತಿದ್ದರು. ಹುಟ್ಟಿದ ಕೂಸುಗಳ ತೂಕವನ್ನು ತಕ್ಕಡಿಯಿಂದ ನೇರವಾಗಿ ಎಕ್ಸೆಲ್ ಹಾಳೆಗೆ ಇಳಿಸುವ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಸಿದ್ಧ ಲೈಬ್ರರಿ ಬಳಸಿ ಬರೆದವರು ಅವರೇ. ಓದಲು ಸಲೀಸಾಗಲಿ ಎಂದು ಡಾಕ್ಟರು ಕೇಳಿದ್ದಕ್ಕೆ, ಪಾಯಿಂಟಿನ ನಂತರ ಒಂದೇ ಅಂಕಿ ಕಾಣುವಂತೆ ಮಾಡಿದ್ದರು.

"ಅದು ಮ್ಯಾಲಿನ ಅರಿವಿ ಅಷ್ಟರಿ, ಒಳಗಿನ ಮೈ ಇದ್ದಂಗ ಐತಿ," ಎನ್ನುತ್ತ ಸೆರಗಿನಿಂದ ಪರದೆ ಒರೆಸುತ್ತಿದ್ದರು. ನನಗೆ ನಗು ಬರುತ್ತಿತ್ತು.

ಒಂದು ಮುಂಜಾನೆ ತಿರ್ಲಾಪುರದ ಬಾಣಂತಿಯ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದೆ. ಹಾಳೆಯಲ್ಲಿ ಅದರ ತೂಕ ಮೂಡಿದ ಚೌಕ, ಆ ಸೆಲ್, ಕೆಂಪಾಯಿತು. 1.8 ಕಿಲೋಗಿಂತ ಕಡಿಮೆಯಿದ್ದರೆ ಕೆಂಪು. ಕೂಸನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಆದರೆ ಅಲ್ಲಿ ಕಾಣುತ್ತಿದ್ದದ್ದು ಸರಿಯಾಗಿ 1.8.

"ಅಕ್ಕಾರ, ನಿಮ್ಮ ಪ್ರೋಗ್ರಾಮ್ ಹಾದಿ ತಪ್ಪೈತ್ರಿ," ಅಂದೆ.

ಅವರು ಪರದೆ ಒರೆಸಿ, ಸೆಲ್ಲಿನ ಮೇಲೆ ಕ್ಲಿಕ್ ಮಾಡಿದರು. ಮೇಲಿನ ಪಟ್ಟಿಯಲ್ಲಿ 1.795 ಎಂದು ಮೂಡಿತು.

"ಸಿಸ್ಟರ್, ಗಾಡಿ ಕರಸ್ರಿ."

ಅರಿವಿಯಲ್ಲಿ ಸುತ್ತಿದ ಕೂಸನ್ನು ನಾನೇ ಎತ್ತಿ ಆಂಬ್ಯುಲೆನ್ಸಿಗೆ ಹತ್ತಿಸಿದೆ. ಐದು ಗ್ರಾಂ ಕಡಿಮೆಯಿರುವುದು ನನ್ನ ಕೈಗೆ ತಿಳಿಯಲೇ ಇಲ್ಲ. ಆ ಐದು ಗ್ರಾಂಗೆ, ಕೂಸು ಹುಟ್ಟುವ ಎಷ್ಟೋ ಮೊದಲೇ, ಅವರು ಒಳಗೆ ಜಾಗ ಇಟ್ಟಿದ್ದರು.