ಬಂಗಿನ ಕ್ರೀಮಿನ ಮೇಲೆ ಹಾಕಿದ ದೂರು

ಮಗ ಬಚ್ಚಲಮನೆಯ ಹಳದಿ ಬಲ್ಬು ಕಿತ್ತು ಬಿಳಿ ಎಲ್‌ಇಡಿ ಹಾಕಿದ, ಇದೆಲ್ಲ ಶುರುವಾದದ್ದು ಅಲ್ಲಿಂದ. ಹಳದಿ ಬೆಳಕಿನಲ್ಲಿ ನನ್ನ ಮುಖ ಹೇಗೋ ನಡೆದುಹೋಗುತ್ತಿತ್ತು. ಬಿಳಿ ಬೆಳಕಿನಲ್ಲಿ ನೋಡಿದರೆ ಎರಡೂ ಕೆನ್ನೆಗೆ ಕಪ್ಪು ಬಂಗು, ಸೀದ ರೊಟ್ಟಿಯ ಬಣ್ಣ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಭತ್ತ ಕುದಿಸುವ ಹಂಡೆಯ ಮುಂದೆ ನಿಂತು ದುಡಿದವಳು ನಾನು. ಆಗ ಮುಖ ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಈಗ ಅರವತ್ತೆಂಟು. ಕೆಲಸವಿಲ್ಲ, ಕನ್ನಡಿ ಇದೆ.

ಮಗ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ, ಕುರೆಕುಪ್ಪದಲ್ಲಿ ನಮ್ಮ ಮನೆ. ಸೊಸೆ ಉಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ಫೋನಿನಲ್ಲೇ ತರಿಸುತ್ತಾಳೆ. ಅವಳಿಗೆ ಹೇಳಿದೆ.

“ಬಂಗಿಗೆ ಹಚ್ಚೂ ಕ್ರೀಮು ಒಂದು ತರಿಸು.”

“ಯಾರಿಗ್ರೀ ಅತ್ತಿ?”

“ಎಮ್ಮಿಗೆ. ನನಗಲೇ!”

“ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ? ನಿಮ್ಮನ್ನ ಯಾರು ನೋಡಾಕ ಬರ್ತಾರ?”

“ಯಾರೂ ಬರಾಂಗಿಲ್ಲ. ಅದಕ್ಕ ನಾನೇ ನೋಡ್ಕೋಬೇಕಾಗೇತಿ.”

ನಕ್ಕಳು, ಆದರೆ ತರಿಸಿದಳು. ರೊಕ್ಕ ನಾನೇ ಕೊಟ್ಟೆ.

ನಾಲ್ಕನೆಯ ದಿನಕ್ಕೆ ಪೆಟ್ಟಿಗೆ ಬಂತು. ಮೇಲೆ ಸುಲಿದ ಮೊಟ್ಟೆಯಂಥ ಮುಖದ ಹುಡುಗಿಯ ಚಿತ್ರ. ನಮ್ಮ ಮನೆಯಲ್ಲಿ ಹೊಸದು ಏನೇ ಬರಲಿ, ಮೊದಲು ವಿಭೂತಿ ಬೀಳಬೇಕು. ಮಿಕ್ಸರಿಗೆ ಬಿದ್ದಿದೆ, ಟಿವಿಗೆ ಬಿದ್ದಿದೆ, ಮಗನ ಮೋಟಾರ್ ಸೈಕಲ್ಲಿನ ಹಣೆಗೂ ಬಿದ್ದಿದೆ. ಬೆರಳು ನೀರಲ್ಲಿ ಅದ್ದಿ, ವಿಭೂತಿ ಗಟ್ಟಿಯ ಮೇಲೆ ಉಜ್ಜಿ, ಪೆಟ್ಟಿಗೆಗೆ ಅಡ್ಡಡ್ಡ ಮೂರು ಗೆರೆ ಎಳೆದೆ. ನೀರು ಸ್ವಲ್ಪ ಹೆಚ್ಚಾಗಿ ಕೆಳಗಿನ ಅಂಚಿನವರೆಗೆ ಇಳಿಯಿತು. ಶಿವನಿಗೆ ತೋರಿಸಿದ್ದಾಯಿತು, ಇನ್ನೇನು ಎಂದು ಹಚ್ಚಿಕೊಂಡೆ. ಸಣ್ಣ ಅಕ್ಷರ ನನ್ನ ಹಾಗೆ ಶಿವನಿಗೂ ಕಾಣುವುದಿಲ್ಲವೆಂದು ಆಮೇಲೆ ಗೊತ್ತಾಯಿತು.

ಮೂರನೆಯ ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾಗದು. ಕೆನ್ನೆ ಉಬ್ಬಿ, ಚರ್ಮ ಕಿತ್ತು, ಮೆಣಸಿನಪುಡಿ ಮೆತ್ತಿದಂತೆ ಉರಿ. ಸೊಸೆ ಓಡಿ ಬಂದಳು. ಮೊದಲು ಕಿರುಚಿದಳು, ಆಮೇಲೆ ಫೋಟೋ ತೆಗೆದಳು, ಆಮೇಲೆ ತಣ್ಣೀರು ತಂದಳು. ಅದೇ ಕ್ರಮದಲ್ಲಿ.

ಹೊಸಪೇಟೆಯ ಚರ್ಮದ ಡಾಕ್ಟರು ನೋಡಿ, “ಕ್ರೀಮು ಬಂದ್ ಮಾಡ್ರಿ. ಡಬ್ಬಿ, ಪೆಟ್ಟಿಗೆ ಮಾತ್ರ ಒಗೀಬ್ಯಾಡ್ರಿ,” ಎಂದರು. ಕ್ರೀಮಿನಿಂದ ಸುಟ್ಟ ಗಾಯವೆಂದು ಚೀಟಿಯಲ್ಲಿ ನನ್ನ ಹೆಸರು, ವಯಸ್ಸು ಹಾಕಿ ಬರೆದರು. ತಾರೀಕು ಮೀರಿದೆಯೇ ಎಂದು ಪೆಟ್ಟಿಗೆ ತಿರುಗಿಸಿ ನೋಡಿದರು. ಇನ್ನೂ ಒಂದು ವರ್ಷ ಬಾಳುತ್ತದೆ ಎಂದಿತ್ತು.

ಸೊಸೆ ಫೋನಿನಲ್ಲಿ ವಾಪಸಿಗೆ ಒತ್ತಿದಳು. ತೆಗೆದುಕೊಂಡು ಹೋಗಲು ಬಂದವನು ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಹಿಡಿದ.

“ಇದರ ಮ್ಯಾಲೆ ಏನೋ ಬಿಳೇದು ಸೋರೇತಿ. ತೊಗೊಳ್ಳಾಕ ಬರಾಂಗಿಲ್ಲ ಅಜ್ಜಿ.”

“ಸೋರಿಲ್ಲಪ್ಪ, ಅದು ವಿಭೂತಿ.”

“ಆ್ಯಪಿನ್ಯಾಗ ವಿಭೂತಿ ಅಂತ ಆಪ್ಷನ್ ಇಲ್ಲಬೇ.”

ಗಿರಾಕಿಯೇ ಹಾಳು ಮಾಡಿದ್ದು ಎಂಬ ಆಪ್ಷನ್ ಇತ್ತು. ಅದನ್ನೇ ಒತ್ತಿ ಹೋದ. ಕಂಪನಿಗೆ ಫೋನು ಹಚ್ಚಿದರೆ ಒಬ್ಬಳು ಬಹಳ ಶುದ್ಧವಾಗಿ ಮಾತಾಡಿದಳು. “ಮೇಡಂ, ಪೆಟ್ಟಿಗೆ ಹಾಳಾಗಿದ್ದರೆ ನಮ್ಮ ನಿಯಮದಂತೆ ವಾಪಸು ಇರುವುದಿಲ್ಲ.”

“ಮುಖ ಹಾಳಾಗೇತಲ್ಲ ತಾಯಿ, ಅದಕ್ಕೇನು ನಿಯಮ?”

ಲೈನಿನಲ್ಲಿರಿ ಎಂದು ಹಾಡು ಹಾಕಿದಳು. ಹಾಡು ಮುಗಿಯುವವರೆಗೆ ಕೇಳಿದೆ. ಇನ್ನೊಂದು ಹಾಡು ಬಂತು.

ಮಗನಿಗೆ ನನ್ನ ಮುಖಕ್ಕಿಂತ ಅವನ ಮಾನದ ಚಿಂತೆ. “ಬಿಡಬೇ ಯವ್ವಾ. ಕಾರ್ಖಾನಿಯಾಗ ಗೊತ್ತಾದ್ರ ನಗ್ತಾರ. ಗಂಡ ಸತ್ತು ಹದಿನೈದು ವರ್ಷ ಆದಾಕಿ ಕ್ರೀಮ್ ಹಚ್ಕೊಂಡ್ಲು ಅಂತಾರ.”

“ಹಚ್ಕೊಂಡೀನಿ. ಸತ್ತಾಂವಗ ಏನು ತ್ರಾಸು?”

ಬದುಕಿದ್ದಾಗಲೂ ಅವನು ತಾಟು ನೋಡಿ ಉಂಡನೇ ಹೊರತು ಬಡಿಸಿದವಳ ಮುಖ ನೋಡಿದವನಲ್ಲ. ಮಗನ ಮುಂದೆ ಅದನ್ನು ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಪೆಟ್ಟಿಗೆ ಕಿಟಕಿಯ ಮೇಲೆಯೇ ಬಿದ್ದಿತ್ತು. ಎರಡು ದಿನ ಬಿಟ್ಟು ಕಸ ಹೊಡೆಯುವಾಗ ನೋಡುತ್ತೇನೆ, ವಿಭೂತಿ ನೀರು ಇಳಿದ ಕಡೆ ತಾರೀಕಿನ ಕಾಗದದ ಮೂಲೆ ಎದ್ದಿದೆ. ಅಚ್ಚು ಹಾಕಿದ ಅಕ್ಷರ ಏಳುವುದಿಲ್ಲ, ಅಂಟಿಸಿದ್ದು ಮಾತ್ರ ಏಳುತ್ತದೆ. ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಿರಣಿಯಲ್ಲಿ ಹೊಸ ಅಕ್ಕಿಯ ಚೀಲಕ್ಕೆ ಹಿಂದಿನ ವರ್ಷದ ಚೀಟಿ ಅಂಟಿಸಿದ್ದು ಇದೇ ಕೈ. ಹಳೆಯ ಅಕ್ಕಿಗೆ ಬೆಲೆ ಜಾಸ್ತಿ, ಅದಕ್ಕೆ. ನಾನು ನಾಲ್ಕಕ್ಷರ ಕಲಿತದ್ದೂ ಆ ಸುಳ್ಳು ಚೀಟಿಗಳನ್ನು ಓದಿಯೇ. ಅಲ್ಲಿ ನಾವು ಹೊಸದನ್ನು ಹಳೆಯದು ಮಾಡುತ್ತಿದ್ದೆವು, ಇಲ್ಲಿ ಹಳೆಯದನ್ನು ಹೊಸದು ಮಾಡಿದ್ದರು. ಕಸುಬು ಒಂದೇ.

ಕಿತ್ತು ಹಾಕಲಿಲ್ಲ. ಸೊಸೆಯನ್ನು ಕರೆದೆ. “ಫೋನ್ ತೊಗೊಂಡು ಬಾ. ಈ ಸಲ ನನ್ನ ಮಾರಿ ಬ್ಯಾಡ, ನನ್ನ ಕೈ ಹಿಡಿ.”

ಅವಳು ವಿಡಿಯೋ ಮಾಡುತ್ತಿದ್ದಂತೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಇನ್ನೊಂದು ತಾರೀಕು. ಕ್ರೀಮಿನ ಆಯುಷ್ಯ ತೀರಿ ಎರಡು ವರ್ಷವಾಗಿತ್ತು. ಹೆಣಕ್ಕೆ ಪೌಡರ್ ಹಚ್ಚಿ ನನಗೆ ಮಾರಿದ್ದರು.

ಅಲ್ಲಿಯವರೆಗೆ ನಗುತ್ತಿದ್ದ ಸೊಸೆಗೆ ಸಿಟ್ಟು ಬಂತು. ತಾನೇ ಸರ್ಕಾರದ ಗ್ರಾಹಕರ ಸಹಾಯವಾಣಿಗೆ ಫೋನು ಹಚ್ಚಿದಳು. ಕೆಟ್ಟ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವ ಹಕ್ಕು ಮಾರಿದವರಿಗೆ ಇಲ್ಲವೇ ಇಲ್ಲ ಎಂದು ಅಲ್ಲಿಯವರು ಹೇಳಿ ದೂರು ಬರೆದುಕೊಂಡರು. ಕಂಪನಿ ಅವರಿಗೂ ಅದೇ ಬಿಳಿ ಕಲೆಯ ಕಥೆ ಹೇಳಿತು. ಹಾಗಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ, ವಕೀಲರು ಬೇಕೆಂದೇನಿಲ್ಲ ಎಂದರು.

ಸಂಡೂರಿನಲ್ಲಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಂಗಡಿ ಇದೆ. ಮೂವರೂ ಹೋದೆವು. ಅಂಗಡಿಯ ಹೆಂಗಸು ಎಲ್ಲ ಕೇಳಿ, “ಸುಟ್ಟಿದ್ದು ಯಾರ ಮುಖ?” ಎಂದಳು.

“ನನ್ನ ಹೆಂಡ್ತಿದು ಅಂತ ಬರೀರಿ,” ಎಂದ ಮಗ.

“ಯಾಕ್ರೀ, ನನ್ನ ಮುಖಕ್ಕೇನಾಗೇತಿ?” ಎಂದಳು ಸೊಸೆ.

“ಸುಮ್ಕಿರು. ಆರ್ಡರ್ ನಿನ್ನ ಹೆಸರಿಲೆ ಐತಿ. ನೀ ಹಚ್ಕೊಂಡಿ ಅಂದ್ರ ನಂಬ್ತಾರ. ಯವ್ವ ಅಂದ್ರ ನಗ್ತಾರ, ಕೇಸೂ ಬೀಳ್ತತಿ.”

ಅವನು ಹೇಳಿದ್ದರಲ್ಲಿ ಬುದ್ಧಿ ಇತ್ತು. ಬಿದ್ದೀತು ಎಂದು ನನಗೂ ಅನ್ನಿಸಿತು. ಆದರೆ ಹದಿನೈದು ದಿನ ಉರಿದದ್ದು ನನಗೆ.

“ಸುಟ್ಟಿದ್ದು ನನ್ನ ಮಾರಿ,” ಎಂದೆ. “ಅದರ ಮ್ಯಾಲೆ ಇಕೀ ಹೆಸರು ಹಚ್ಚಿದ್ರ ಅವರಿಗೂ ನಮಗೂ ಏನು ಫರಕ್ಕು? ಅವರು ತಾರೀಕು ಮುಚ್ಚಿದ್ರು, ನೀ ಅವ್ವನ್ನ ಮುಚ್ಚಾಕ ಹತ್ತೀಯಲೇ. ಬಿದ್ರ ಬೀಳ್ಲಿ, ನನ್ನ ಹೆಸರಿಲೆ ಬೀಳ್ಲಿ.”

ಅಂಗಡಿಯ ಹೆಂಗಸು ಮಗನ ಕಡೆ ತಿರುಗಿದಳು. “ಕೊಂಡಾಕಿ ಒಪ್ಪಿಗಿ ಮ್ಯಾಲೆ ಬಳಸಿದಾಕಿನೂ ಗ್ರಾಹಕಿನೇರಿ, ಕಾಯ್ದೇದಾಗ ಹಂಗ ಐತಿ. ಇಬ್ಬರ ಹೆಸರೂ ಹಾಕೂಣು. ಫೋಟೋ ಐತೇನು?”

ಸೊಸೆ ಫೋನು ಕೊಡಲು ಹಿಂದೆಮುಂದೆ ನೋಡಿದಳು. ನನ್ನ ಉಬ್ಬಿದ ಮುಖವನ್ನು ಅವತ್ತೇ ತನ್ನ ಅಕ್ಕನಿಗೆ ಕಳಿಸಿದ್ದಳು, ಕೆಳಗೆ ಹಲ್ಲು ಕಿರಿದು ನಗುವ ಏಳೆಂಟು ಹಳದಿ ಮುಖಗಳ ಸಮೇತ.

“ತಪ್ಪಾತ್ರೀ ಅತ್ತಿ.”

“ಇರ್ಲಿ ಬಿಡ್ರಿ, ಅಳಿಸಬ್ಯಾಡ್ರಿ,” ಎಂದಳು ಅಂಗಡಿಯವಳು. “ಯಾವತ್ತು ಕಳಿಸೀರಿ ಅಂತ ತಾರೀಕು ಐತಿ. ನೀವು ನಗಾಕಂತ ಕಳಿಸದಿದ್ರ ಈ ಸಾಕ್ಷಿನೇ ಇರ್ತಿರಲಿಲ್ಲ.”

ಆರೇಳು ತಿಂಗಳಿಗೆ ಬಳ್ಳಾರಿಗೆ ಕರೆ ಬಂತು. ಅಷ್ಟರಲ್ಲಿ ಕಂಪನಿಯವರು ಎರಡು ಸಲ ಫೋನು ಮಾಡಿದ್ದರು. ದೂರು ಹಿಂದೆ ತೆಗೆದರೆ ದುಡ್ಡು ವಾಪಸು, ಜೊತೆಗೆ ಒಂದು ಬುಟ್ಟಿ ಕ್ರೀಮು ಎಂದರು. ಬುಟ್ಟಿಯನ್ನು ನೀವೇ ಹಚ್ಚಿಕೊಳ್ಳಿ ಎಂದೆ.

ಆಯೋಗದಲ್ಲಿ ಮೇಲೆ ಕುಳಿತ ಅಧ್ಯಕ್ಷರು ಹೆಂಗಸು. ಕಂಪನಿಯ ವಕೀಲ ಎದ್ದು ನಿಂತ. ಸ್ಟಿಕರಿನ ಮಾತೇ ಎತ್ತಲಿಲ್ಲ. “ಈ ಕ್ರೀಮು ನಲವತ್ತೈದು ವರ್ಷದ ಒಳಗಿನವರಿಗೆಂದು ಡಬ್ಬಿಯಲ್ಲೇ ಇದೆ. ಅರವತ್ತೆಂಟರ ಈ ಅಜ್ಜಿಗೆ ಇದರಿಂದ ಏನಾಗಬೇಕಿತ್ತು? ಬಳಸಿದ್ದು ಸೊಸೆಯೇ ಇರಬೇಕು, ಅಥವಾ ಯಾರೂ ಬಳಸಿಲ್ಲ,” ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗ ತನ್ನ ಚಪ್ಪಲಿ ನೋಡುತ್ತ ಕುಳಿತ.

ಅಧ್ಯಕ್ಷರು ನನ್ನನ್ನು ಕೇಳಿದರು. “ನೀವೇ ಹಚ್ಚಿಕೊಂಡಿರಾ?”

“ನಾನೇರಿ.”

“ಸರಿ. ಯಾಕೆ ಎನ್ನುವುದು ಇಲ್ಲಿ ಬೇಕಿಲ್ಲ,” ಎಂದು ವಕೀಲನಿಗೆ ಹೇಳಿದರು.

“ಕೇಳ್ಲಿ ಬಿಡ್ರಿ ಅಕ್ಕಾರ, ಹೇಳ್ತೀನಿ,” ಎಂದೆ. ವಕೀಲನ ಕಡೆ ತಿರುಗಿದೆ. “ಬಂಗು ಇತ್ತು, ಹೋಗ್ಲಿ ಅಂತ ಹಚ್ಕೊಂಡೆ. ನಾ ಯಾಕ ಹಚ್ಚಿದೆ ಅಂತ ಹೇಳಿದ್ನೆಪ್ಪ. ನೀವು ಹಳೇ ತಾರೀಕಿನ ಮ್ಯಾಲೆ ಹೊಸದು ಯಾಕ ಹಚ್ಚಿದ್ರಿ? ನೀ ಹೇಳು.”

ವಕೀಲ ಕಾಗದ ತಿರುವಿದ. ಈ ಸಲ ಹಿಂದಿನ ಬೆಂಚು ಯಾರಿಗೆ ನಕ್ಕಿತೋ ನಾನು ತಿರುಗಿ ನೋಡಲಿಲ್ಲ.

ಆದೇಶದ ಕಾಗದ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಬಂಗು ಇದ್ದಲ್ಲೇ ಇತ್ತು. ಸುಟ್ಟ ಕಡೆ ಮಾತ್ರ ಬಿಳಿ ಕಲೆ ಬಿದ್ದು, ಮುಖ ಈಗ ಮೊದಲಿಗಿಂತ ಕೆಟ್ಟದಾಗಿದೆ. ಸೊಸೆ ಪಡಸಾಲೆಯಲ್ಲಿ ಕುಳಿತು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ಮಾರಿದವರದು ತಪ್ಪು ಎಂದಿತ್ತು. ಎರಡನೆಯ ದೂರುದಾರರು ತಮ್ಮ ಮುಖಕ್ಕೆ ತಾವೇ ಬಳಸಿದ್ದು ಸಾಬೀತಾಗಿದೆ, ಅವರ ವಯಸ್ಸು ಪರಿಹಾರಕ್ಕೆ ಅಡ್ಡಿಯಲ್ಲ ಎಂದೂ ಇತ್ತು.

“ಎರಡನೇದಾಕಿ ಅಂದ್ರ ಯಾರು?”

“ನೀವೇರಿ ಅತ್ತಿ.”

“ಇನ್ನೊಮ್ಮೆ ಓದು.”

ಓದಿದಳು. ಮಗ ಅವಳ ಹೆಗಲ ಮೇಲಿಂದ ಬಗ್ಗಿ, “ಕೆಳಗ ಎಷ್ಟು ಕೊಡ್ತಾರ ಅಂತ ಐತಿ, ಅದನ್ನ ಓದು,” ಎಂದ.

“ತಡಿಯಲೇ,” ಎಂದೆ. “ಅದು ಆಮ್ಯಾಲೆ. ಮೊದಲು ನನ್ನ ಸಾಲು ಎಲ್ಲೈತಿ, ಬೊಟ್ಟು ಮಾಡಿ ತೋರಸ್ರಿ.”