ಅವಸರದ ಹಾಡು

ಮೆಚ್ಚಿದ ಹಾಡೊಂದನ್ನು ಯಾರಿಗಾದರೂ ಕಳಿಸಿದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ವಾಟ್ಸಾಪಿನ ಗೆರೆಗಳು ನೀಲಿಯಾದವೇ, ಆಗಿದ್ದರೆ ಪೂರ್ತಿ ಕೇಳಿದರೇ, ಎರಡನೆಯ ಚರಣದ ಆ ತಿರುವಿನಲ್ಲಿ ನನ್ನ ಹಾಗೆಯೇ ಕಣ್ಣು ಮುಚ್ಚಿದರೇ? ದಹಿಸರಿನಲ್ಲಿ ಲೋಕಲ್ ರೈಲು ಹತ್ತಿದವನಿಗೆ ಮಾಟುಂಗ ರೋಡ್ ಬರುವವರೆಗೂ ಇದೇ ಧ್ಯಾನ. ಮಗಳ ಫೋಟೋ ವರನ ಕಡೆಯವರಿಗೆ ಕಳಿಸಿದ ತಂದೆಯೂ ಇಷ್ಟು ಚಡಪಡಿಸಲಾರ ಎನ್ನುತ್ತಾಳೆ ಹೆಂಡತಿ.

ಇತ್ತೀಚೆಗೆ ನನ್ನ ಈ ಕಾಟಕ್ಕೆ ಸಿಕ್ಕಿಬಿದ್ದವರು ಮೆಹಬೂಬ್. ವಿಜಯಪುರದ ಕಡೆಯವರು, ಧಾರಾವಿಯಲ್ಲಿ ಮನೆ, ಫ್ರಿಜ್ ರಿಪೇರಿಯ ಕೆಲಸ. ನಾನು ಮ್ಯಾನೇಜರಾಗಿರುವ ಮಾಟುಂಗದ ಉಡುಪಿ ಹೋಟೆಲಿನ ಫ್ರಿಜ್ ನೋಡಲು ಬಂದಾಗ ಏನೋ ಹಳೆಯ ಧಾಟಿಯೊಂದನ್ನು ಗುನುಗುತ್ತಿದ್ದರು. ನನಗೆ ಅಷ್ಟು ಸಾಕಾಯಿತು. ನಂಬರ್ ತೆಗೆದುಕೊಂಡು, ಗ್ರಾಮಫೋನ್ ನಮ್ಮ ದೇಶಕ್ಕೆ ಹೊಸದಾಗಿ ಬಂದಿದ್ದಾಗ ಗಾಯಕಿಯೊಬ್ಬಳು ಹಾಡಿದ್ದ ಹಾಡನ್ನು ಕಳಿಸಿದೆ. ಸಂಜೆಯಾದರೂ ಉತ್ತರವಿಲ್ಲ. ಕೊನೆಗೆ, ಫ್ರಿಜ್ ಮತ್ತೆ ಸದ್ದು ಮಾಡುತ್ತಿದೆ ಎಂದು ಸುಳ್ಳು ಹೇಳಿ ನಾನೇ ಫೋನ್ ಮಾಡಿದೆ. ಮೆಲ್ಲಗೆ ಮಾತನ್ನು ಹಾಡಿಗೆ ತಂದೆ.

"ಖರೇ ಹೇಳ್ಲೇನ್ರಿ ಸರ? ನಿಮ್ಮ ಫ್ರಿಜ್ಜಿಗಿಂತ ಆ ಹಾಡಿಂದ ಸಪ್ಪಳ ಭಾಳ ಐತ್ರಿ," ಎಂದರು.

ನನ್ನ ಮುಖ ಬಾಡಿದ್ದು ಅವರಿಗೆ ಫೋನಿನಲ್ಲೇ ಕಂಡಿರಬೇಕು. ಸಮಾಧಾನಕ್ಕೆಂಬಂತೆ ತಾಯಿಯ ವಿಷಯ ತೆಗೆದರು. ಖತೀಜಮ್ಮ ಕಣ್ಣಿನ ಆಪರೇಷನ್ನಿಗೆಂದು ಊರಿಂದ ಬಂದಿದ್ದರು. ಆಪರೇಷನ್ ಆಗಿತ್ತು, ಆದರೆ ಡಾಕ್ಟರ್ ಇನ್ನೊಮ್ಮೆ ನೋಡುವ ಮೊದಲೇ ಊರಿಗೆ ಹೊರಡುತ್ತೇನೆಂದು ಹಟ ಹಿಡಿದಿದ್ದರು. ಊರಿನ ಮದುವೆಗಳಲ್ಲಿ ಹಾಡುತ್ತಿದ್ದವರು. ಇಲ್ಲಿ ಸುಮ್ಮನೆ ಕೂತು ಬೇಸತ್ತಿದ್ದಾರೆ, ನಿಮ್ಮ ಹಾಡನ್ನು ಅವರಿಗೇ ಕೇಳಿಸಿ ಎಂದರು ಮೆಹಬೂಬ್.

ಭಾನುವಾರ ಹೋದೆ. ಕಬ್ಬಿಣದ ಕಡಿದಾದ ಮೆಟ್ಟಿಲೇರಿದರೆ ಒಂದೇ ಕೋಣೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಖತೀಜಮ್ಮ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು ಸಿದ್ಧವಾಗಿತ್ತು. ಬಿಟ್ಟ ಕಣ್ಣು ಬಾಗಿಲ ಮೇಲಿತ್ತು. ಚಡಪಡಿಕೆಯಲ್ಲಿ ನನ್ನನ್ನು ಮೀರಿಸುವವರನ್ನು ಮೊದಲ ಸಲ ನೋಡಿದೆ.

ಅವರು ಹಾಡನ್ನು ಪೂರ್ತಿ ಕೇಳಿದರು. ಆಮೇಲೆ, "ಯಾಕ ಇಷ್ಟು ಅವಸರದಾಗ ಹಾಡ್ಯಾಳ್ರೀ ಆಕಿ?" ಎಂದು ಕೇಳಿದರು.

ಇಂಥ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ರಾಗವೊಂದನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದವರು ತವೆಯಂಥ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕೆ ಎಲ್ಲವನ್ನೂ ತುಂಬಬೇಕಾಗಿತ್ತು. ಮೈಕಿಲ್ಲದ ಕಾಲ, ದೊಡ್ಡ ಕಹಳೆಯೊಳಗೆ ಮುಖವಿಟ್ಟು ಕೂಗಬೇಕಾಗಿತ್ತು. ತಟ್ಟೆ ತಯಾರಾಗುತ್ತಿದ್ದುದು ಪರದೇಶದಲ್ಲಿ, ಅಲ್ಲಿಯವರಿಗೆ ಗುರುತಾಗಲೆಂದು ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಇದನ್ನೆಲ್ಲ ನಾನೂ ತಟ್ಟೆ ಮುಗಿದೀತೆಂಬ ಭಯದಲ್ಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಪಾಪ, ಉಸರು ತಗೊಳ್ಳಾಕೂ ಬಿಟ್ಟಿಲ್ಲ ಆಕೀನ," ಎಂದರು ಖತೀಜಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನಿಮಗೇನೂ ಅವಸರ ಇಲ್ಲಲ್ಲ? ನೀವ ಹಾಡ್ರಿ."

ಆಯುಷ್ಯವೆಲ್ಲ ಹಾಡು ಹಂಚಿದವನು ಬಾಯಿಬಿಟ್ಟು ಹಾಡಿದ್ದೇ ಇಲ್ಲ. ಮೆಹಬೂಬರ ಕಡೆ ನೋಡಿದೆ. ಅವರು ಫ್ಯಾನಿನ ರೆಕ್ಕೆಗಳನ್ನು ಪರೀಕ್ಷಿಸುತ್ತಿದ್ದರು. ಬೇರೆ ದಾರಿಯಿಲ್ಲದೆ ಅದೇ ಹಾಡನ್ನು ಶುರುಮಾಡಿದೆ. ಶ್ರುತಿ ಎಲ್ಲೋ, ನಾನೆಲ್ಲೋ. ಖತೀಜಮ್ಮ ಮಂಚದ ಅಂಚನ್ನು ಬೆರಳಿನಿಂದ ತಟ್ಟತೊಡಗಿದರು, ನನ್ನ ಓಟಕ್ಕಿಂತ ನಿಧಾನವಾಗಿ. ನಾನು ಮುಂದೆ ಓಡಿದಂತೆಲ್ಲ ಆ ಬೆರಳು ನನ್ನನ್ನು ಹಿಂದಕ್ಕೆ ಕರೆಯುತ್ತಿತ್ತು. ಎರಡನೆಯ ಚರಣಕ್ಕೆ ಅವರೂ ದನಿಗೂಡಿಸಿದರು. ಸ್ವಲ್ಪ ಒಡೆದ, ಅಗಲವಾದ ದನಿ. ಹಾಡು ಯಾವಾಗ ಮುಗಿಯಿತೆಂದು ನನಗೆ ಗೊತ್ತಾಗಲಿಲ್ಲ.

ಹೇಗಿತ್ತು ಎಂದು ಕೇಳುವ ಧೈರ್ಯವಿಲ್ಲದೆ ಚಹಾ ಕುಡಿದು ಬಂದೆ. ರಾತ್ರಿಯೆಲ್ಲ ಮತ್ತೆ ಅದೇ ಚಡಪಡಿಕೆ. ಮರುದಿನ ಬೆಳಿಗ್ಗೆ ಲೋಕಲ್‌ನಲ್ಲಿರುವಾಗ ಮೆಹಬೂಬರ ಫೋನ್ ಬಂತು.

"ಅಮ್ಮಿ ಗಂಟು ಬಿಚ್ಚಿದ್ರು ಸರ. ಡಾಕ್ಟರ್ ನೋಡೋತನಕ ಇರತಾರಂತ," ಎಂದರು. ನಾನು ಹಿಗ್ಗುವಷ್ಟರಲ್ಲಿ ಉಳಿದದ್ದನ್ನೂ ಹೇಳಿದರು: "ನಿಮ್ಮ ಹಾಡು ಭಾಳ ತಿದ್ದೋದೈತಂತ್ರಿ."