ಜಮೀಲಾ ಮೇಡಂ ಮತ್ತು ನನ್ನ ನಲವತ್ತು ಫಾರಂ

ಜಮೀಲಾ ಮೇಡಂ ಕೈಗೆ ಯಾವ ಫಾರಂ ಕೊಟ್ಟರೂ ಮೊದಲು ಅದನ್ನು ಮಗುಚಿ ಹಿಂಬದಿ ಓದುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ತುಮಕೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವಾಗ ಅಪರಾಧಶಾಸ್ತ್ರ ಕಲಿಸಿದವರು ಅವರು. ನಾವು ಜನರನ್ನು ಕೇಳಿದ್ದನ್ನು ಫಾರಂನ ಮುಂಬದಿ ಬರೆಯಬೇಕು, ಜನ ನಮ್ಮನ್ನು ಕೇಳಿದ್ದನ್ನು ಹಿಂಬದಿ. ಇದು ಅವರ ಕಟ್ಟಪ್ಪಣೆ.

"ಮನೆ ಬಾಗ್ಲಿಗೆ ಹೋಗಿ ಕಳ್ತನದ ಮಾತೆತ್ತೀರ. ಅವ್ರು ನಿಮ್ಮನ್ನ ಸುಮ್ನೆ ಬುಡ್ತಾರೇನ್ರೋ?" ಎನ್ನುತ್ತಿದ್ದರು. ಅವರ ಅಬ್ಬಾ ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಹಾಗಾಗಿ ಅಂಗಳದಲ್ಲಿ ನಿಂತು ಮಾತಾಡುವುದು ಅವರಿಗೆ ಮನೆಯಲ್ಲೇ ಬಂದ ವಿದ್ಯೆ.

ನನ್ನ ಪ್ರಬಂಧದ ವಿಷಯ, ಕಳ್ಳತನವಾದರೂ ಪೊಲೀಸರಿಗೆ ದೂರು ಕೊಡದ ಮನೆಗಳು. ಗುಬ್ಬಿ, ಕುಣಿಗಲ್ ಕಡೆ ನಲವತ್ತು ಮನೆ ಸುತ್ತಬೇಕು. ಫಸ್ಟ್ ಕ್ಲಾಸ್ ಬಂದರೆ ಮಗ ಲೆಕ್ಚರರ್ ಆಗುತ್ತಾನೆಂದು ಅಪ್ಪ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು. ಹನ್ನೆರಡು ಮನೆ ಮುಗಿಯುವಷ್ಟರಲ್ಲಿ ಒಬ್ಬ ಯಜಮಾನರು, "ಏನ್ಲಾ, ಕಳ್ರಿಗೆ ಮನೆ ಗುರ್ತು ಮಾಡ್ಕೊಡಾಕೆ ಬಂದಿದ್ದೀಯಾ?" ಎಂದು ನಾಯಿ ಬಿಟ್ಟರು. ನಾನು ನೇರ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗಿ, ಏರಿಯ ಮೇಲೆ ಕೂತು, ಕಡಲೆಕಾಯಿ ತಿನ್ನುತ್ತಾ ಉಳಿದ ಇಪ್ಪತ್ತೆಂಟನ್ನೂ ನಾನೇ ತುಂಬಿದೆ. ದೂರು ಕೊಡದ ಕಾರಣ: ಪೊಲೀಸರ ಭಯ. ಹಿಂಬದಿಯನ್ನೂ ಬಿಡಲಿಲ್ಲ. 'ಈ ಅಧ್ಯಯನದಿಂದ ಸಮಾಜಕ್ಕೇನು ಪ್ರಯೋಜನ?' ಎಂದು ಹಲವರು ಕೇಳಿದಂತೆ ಬರೆದೆ.

ಮೇಡಂ ಒಂದೊಂದಾಗಿ ಮಗುಚಿ ಎರಡು ಕಟ್ಟು ಮಾಡಿದರು. ಕನ್ನಡಕ ತೆಗೆದರು.

"ಇಪ್ಪತ್ತೆಂಟು ಮನೇಲಿ ಒಬ್ರೂ ನಿನಗೆ ಮದ್ವೆ ಆಗಿದ್ಯಾ ಅಂತ ಕೇಳ್ಲಿಲ್ವೇನೋ?"

ನಾನು ದೊಡ್ಡ ಕಟ್ಟನ್ನು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ.

"ಎಲ್ಲಿ ಕೂತು ಬರ್ದೆ?"

"ಮಾರ್ಕೋನಹಳ್ಳೀಲಿ, ಮೇಡಂ."

"ನೀರಿತ್ತಾ?"

"ಇತ್ತು, ಮೇಡಂ."

"ಪುಣ್ಯ. ಅದೊಂದಾದ್ರೂ ಕಣ್ಣಲ್ಲಿ ನೋಡ್ಕೊಂಡ್ ಬಂದಿದೀಯ."

ಬೈಯಲಿಲ್ಲ. ಮಾರನೆಯ ದಿನ ಗುಬ್ಬಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಹಂಡೆ ಕಳೆದುಕೊಂಡಿದ್ದ ಒಬ್ಬ ಅಜ್ಜಿ ಜಗಲಿಯಲ್ಲಿ ನಮ್ಮನ್ನು ಕೂರಿಸಿ, ಅರ್ಧ ಗಂಟೆ ತಾನೇ ನಮ್ಮ ವಿಚಾರಣೆ ಮಾಡಿತು. ಮೇಡಂ ಕಲಾಯಿ ಸಾಬರ ಮಗಳೆಂಬುದು ಗೊತ್ತಾಗಿ ಕಾಫಿ ಬಂತು. ನನಗೆ ಮದುವೆ ಆಗಿಲ್ಲವೆಂಬುದು ಗೊತ್ತಾಗಿ ಒಂದು ಹೆಣ್ಣಿನ ಪ್ರಸ್ತಾಪವೂ ಬಂತು. ಮೇಡಂ ಸೆರಗು ಬಾಯಿಗೊತ್ತಿ ನಕ್ಕರು. ಕೊನೆಗೆ ನಾನು ಕೇಳಿದೆ, "ದೂರು ಯಾಕೆ ಕೊಡ್ಲಿಲ್ಲ ಅಜ್ಜಿ? ಪೊಲೀಸ್ನೋರ ಭಯಾನಾ?"

"ಅವ್ರ ಭಯ ನಂಗ್ಯಾಕಪ್ಪಾ? ಎತ್ಕೊಂಡೋದೋನು ನನ್ ತಮ್ಮನ ಮಗ. ಸ್ಟೇಷನ್‌ಗೆ ಹೋದ್ರೆ ಹಂಡೆ ಬತ್ತದೆ, ಹಬ್ಬಕ್ಕೆ ಅವ್ನು ಬರಾಕಿಲ್ಲ."

ನನ್ನ ಫಾರಂನಲ್ಲಿ ಆ ಉತ್ತರಕ್ಕೆ ಜಾಗವೇ ಇರಲಿಲ್ಲ.

ಆಮೇಲೆ ಒಬ್ಬನೇ ಸುತ್ತಿದೆ. ಪ್ರಬಂಧ ಒಪ್ಪಿಸುವ ಕೊನೆಯ ದಿನಕ್ಕೆ ಮೂವತ್ತೊಂದು ಮನೆ ಆಗಿತ್ತು. "ಇನ್ನೊಂಬತ್ತು ತಾನೇ ಮೇಡಂ, ಡ್ಯಾಮಲ್ಲಿ ಬರ್ದಿದ್ದನ್ನೇ ಸೇರಿಸ್ಲಾ?" ಎಂದು ಗೋಗರೆದೆ. "ಮೂವತ್ತೊಂದು ಅಂತ್ಲೇ ಬರಿ. ಸೈನ್ ಹಾಕ್ತೀನಿ" ಎಂದರು. ಬೇರೆ ಊರಿಂದ ಬಂದ ಪರೀಕ್ಷಕರು, ಹೇಳಿದ್ದು ನಲವತ್ತು, ಮಾಡಿದ್ದು ಮೂವತ್ತೊಂದು ಎಂದು ಅಂಕ ಕತ್ತರಿಸಿದರು. ಫಸ್ಟ್ ಕ್ಲಾಸ್ ಕೂದಲೆಳೆಯಲ್ಲಿ ತಪ್ಪಿತು.

ಮಾರ್ಕ್ಸ್ ಕಾರ್ಡ್ ಹಿಡಿದು ಸಿಟ್ಟಿನಲ್ಲೇ ಅವರ ಮನೆಗೆ ಹೋದೆ. ಅವರು ಅದನ್ನು ನೋಡಿದರು, ಮಡಿಸಿ ನನ್ನ ಜೇಬಿಗಿಟ್ಟರು. "ನನ್ಮೇಲೆ ಕೋಪ ಇದ್ರೆ ಇರ್ಲಿ. ಉಂಡ್ಕೊಂಡು ಹೋಗು" ಎಂದು ತಟ್ಟೆ ಹಾಕಿದರು. ಮುದ್ದೆ, ಸೊಪ್ಪಿನ ಸಾರು. ತಲೆ ಎತ್ತದೆ ಉಂಡೆ.

"ಇನ್ನೊಂದು ಮುದ್ದೆ ಹಾಕ್ಲೇನೋ?"

"ಬೇಡ" ಎಂದು ಎದ್ದು ಕೈ ತೊಳೆದೆ.

ಲೆಕ್ಚರರ್ ಆಗಲಿಲ್ಲ. ಕುಣಿಗಲ್ಲಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ದೂರು ಹಿಡಿದು ಬಂದವರ ಮಾತನ್ನು ಪೂರ್ತಿ ಕೇಳದೆ ಕಳಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಇದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡೆ, ಹೋಗಲಿಲ್ಲ. ಕೊನೆಗೊಮ್ಮೆ ಹೋದಾಗ ಬಾಗಿಲು ತೆಗೆದ ಅವರ ತಂಗಿ, "ಆಪಾ ತೀರ್ಕೊಂಡು ಎಂಟು ತಿಂಗ್ಳಾಯ್ತಲ್ಲಪ್ಪಾ" ಎಂದರು.

ಅವತ್ತು ಮುದ್ದೆ ಬೇಡವೆಂದು ಕೈ ತೊಳೆದಾಗ ನನಗೆ ಇನ್ನೂ ಹಸಿವಿತ್ತು.